ಬೂಟಿನೊಳಗಿನ ಬಿಸಿಚೀಲ

ಫೆಬ್ರವರಿ ೯, ಹೊಕ್ಕೈಡೊ. ಬೆಟ್ಟದ ರಕ್ಷಣಾ ಠಾಣೆ, ಮಧ್ಯಾಹ್ನ. ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ.

ಅಕ್ಕಾ,

ಕಾಲು ಬೆಚ್ಚಗಿರಲಿ ಎಂದು ನೀನು ಅಕಿತಾದಿಂದ ಕಳಿಸಿದ, ಬೂಟಿನೊಳಗೆ ಅಂಟಿಸುವ ಪುಟ್ಟ ಬಿಸಿಚೀಲಗಳು ಬಂದವು. ದಯವಿಟ್ಟು ಇನ್ನು ಕಳಿಸಬೇಡ.

ನಿನ್ನೆ ಗಾಯಾಳುಗಳನ್ನು ಸಾಗಿಸುವ ಜಾರುಬಂಡಿಯ ಮುಂದಿನ ಹಿಡಿ ಹಿಡಿದು, ಹಿಮದ ಇಳಿಜಾರಿನಲ್ಲಿ ಸ್ಕೀ ಮೇಲೆ ಇಳಿದೆ. ಅಭ್ಯಾಸಕ್ಕೆಂದು ಅದರಲ್ಲಿ ಮಲಗಿದ್ದವನು ಜೊತೆಗಾರ ಒನೊಡೆರಾ. ಅರ್ಧ ದಾರಿಯಲ್ಲಿ ಸ್ಕೀಗಳು ತಿರುಗಲಿಲ್ಲ. ನೇರ ಮರಗಳತ್ತ ಓಡಿದವು. ಬಂಡಿ ಬೆನ್ನಿಗೆ ತಾಗುತ್ತಿತ್ತು.

"ಏಯ್ ಮಿಸುಝು, ನಂಗಿನ್ನೂ ಮದ್ವೆ ಆಗಿಲ್ಲ ಕಣೇ!" ಎಂದು ಕಿರುಚಿದ.

ಹಿಡಿ ಬಿಡದೆ ಪಕ್ಕಕ್ಕೆ ಉರುಳಿದೆ. ಬಂಡಿ ನಿಂತಿತು. ಇಬ್ಬರಿಗೂ ಪೆಟ್ಟಾಗಿಲ್ಲ.

ಇಂದು ಬೂಟು ಸರಿಮಾಡುವ ಕುರಮೊಚಿ ತಾತ ಒಳಹಾಸು ಕಿತ್ತು ನೋಡಿದರು. ಬೆರಳುಗಳ ಕೆಳಗೆ ದಿನಕ್ಕೊಂದರಂತೆ ನಾನು ಅಂಟಿಸಿ, ತೆಗೆಯಲು ಮರೆತ ಮೂರು ಚೀಲಗಳು ಶಾಖ ಆರಿ ಕಲ್ಲಾಗಿದ್ದವು.

"ಇಟ್ಟಿಗೆ ಇಟ್ಕೊಂಡು ಸ್ಕೀ ಮಾಡ್ತೀಯೇನಮ್ಮ? ಮುಂಗಾಲು ಎದ್ರೆ ಭಾರವೆಲ್ಲ ಹಿಮ್ಮಡಿಗೆ ಹೋಯ್ತು. ಹಿಮ್ಮಡಿ ಮೇಲೆ ಕೂತೋರ ಮಾತು ಸ್ಕೀ ಯಾಕೆ ಕೇಳುತ್ತೆ?"

ಕಾರಣ ಅದೇ ಇರಬೇಕು. ಆದರೂ ತಪ್ಪು ಚೀಲದ್ದಲ್ಲ, ನನ್ನ ಕಾಲಿನದೇ ಎಂಬ ಭಯ ಹೋಗುತ್ತಿಲ್ಲ. ನಾಳೆ ಬೆಳಿಗ್ಗೆ ನಿಜವಾದ ಗಾಯಾಳುಗಳನ್ನು ಇಳಿಸುವ ನನ್ನ ಮೊದಲ ಸರದಿ. ಬಂಡಿಯಲ್ಲಿ ಮಲಗುವವರಿಗೆ ಕಿರುಚುವಷ್ಟು ಶಕ್ತಿಯೂ ಇರಲಾರದು.

ಸರದಿ ಬೇಡವೆನ್ನಲು ಠಾಣೆಯವರು ಸಂಜೆಯವರೆಗೆ ಸಮಯ ಕೊಟ್ಟಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಕಾಲ್ಬೆರಳು ಮರಗಟ್ಟಿದರೂ ಸರಿ, ಬೂಟಿನಲ್ಲಿ ಏನನ್ನೂ ಇಡದೆ ಬಂಡಿಯ ಹಿಡಿ ಹಿಡಿಯುತ್ತೇನೆ.

ಮಿಸುಝು