ಸೋಲಾರ್ ಮೇಲಿನ ಸಂಡಿಗೆ

ಶೀಳನೆರೆ,
25 ಮಾರ್ಚ್ 2025, ಮಂಗಳವಾರ

ನನ್ನ ಪ್ರೀತಿಯ ಯಜಮಾನರೇ,

ಹೇಗಿದ್ದೀರಿ? ಮೊಣಕಾಲಿನ ನೋವು ಇಳಿಯಿತೇ? ಆ ಹಿಮದಲ್ಲಿ ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ ಎಂದರೆ ‘ನಾನೇನು ಮುದುಕನಾ’ ಎಂದು ನಗುತ್ತೀರಿ. ನಗಬೇಡಿ, ಹಾಕಿಕೊಳ್ಳಿ. ಇಲ್ಲಿ ನಾನೂ ಅತ್ತೆಯೂ ಚೆನ್ನಾಗಿದ್ದೇವೆ. ಅತ್ತೆಗೆ ಬಿಪಿ ಮಾತ್ರೆ ನುಂಗಿಸುವುದೊಂದು ಮಾತ್ರ ಹಸುವಿಗೆ ಔಷಧಿ ಕುಡಿಸಿದಷ್ಟು ಕಷ್ಟ. ನಿಮ್ಮ ಹೆಸರು ಹೇಳಿದರೆ ಬಾಯಿ ತೆರೆಯುತ್ತಾರೆ, ನುಂಗಿದ ಮೇಲೆ ನಿಮ್ಮನ್ನೇ ಬೈಯುತ್ತಾರೆ.

ಇನ್ನು ತಡೆಯಲಾರೆ, ಹೇಳಿಬಿಡುತ್ತೇನೆ. ರೇಷ್ಮೆ ಹುಳು ಗೂಡು ಕಟ್ಟಿವೆ ರೀ! ಚಂದ್ರಿಕೆಯ ಬಿದಿರಿನ ಸಾಲುಗಳ ತುಂಬ ಬೆಳ್ಳಗೆ ಕೂತಿವೆ. ಬೆಳಿಗ್ಗೆ ಎದ್ದವಳೇ ಒಂದನ್ನು ಕಿವಿಯ ಹತ್ತಿರ ಹಿಡಿದು, ಬೆರಳಲ್ಲಿ ಒತ್ತಿ ನೋಡಿದೆ. ಗಟ್ಟಿ ಇದೆ. ಹೋದ ಬೇಸಿಗೆಯಲ್ಲಿ, ಫ್ಯಾನಿಲ್ಲದ ಕಾಲದಲ್ಲಿ, ಬೆಳೆ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಸೆಖೆಗೆ ಸಿಕ್ಕಿ ಹುಳುವೆಲ್ಲ ಕಪ್ಪಾಗಿ ನೇತುಬಿದ್ದಿದ್ದವಲ್ಲ, ಅದನ್ನು ತಿಪ್ಪೆಗೆ ಸುರಿದು ಬಂದ ದಿನದಿಂದ ನಾನು ಸರಿಯಾಗಿ ನಕ್ಕಿರಲಿಲ್ಲ. ಇವತ್ತು ಒಬ್ಬಳೇ ನಿಂತು ನಕ್ಕೆ. ಅತ್ತೆ ಬಾಗಿಲಲ್ಲಿ ನೋಡಿ, ‘ಹುಳುಕ್ ದೃಷ್ಟಿ ಆಯ್ತದೆ, ಬಾಯ್ ಮುಚ್ಕೊ’ ಎಂದು ಗದರಿದರು.

ಹೋದ ಪತ್ರದಲ್ಲಿ ನೀವು ಬರೆದದ್ದು ನನಗೆ ಬಾಯಿಪಾಠವಾಗಿದೆ. ಈ ಬೆಳೆ ಕೈಹತ್ತಿದರೆ ಪಿಂಚಣಿ ತೆಗೆದುಕೊಂಡು ಬಂದುಬಿಡುತ್ತೇನೆ, ಇದೂ ಹೋದರೆ ಇನ್ನೆರಡು ವರ್ಷ ಸೇನೆಯಲ್ಲೇ ಮುಂದುವರಿಯಲು ಸಹಿ ಹಾಕುತ್ತೇನೆ ಎಂದಿದ್ದಿರಿ. ಅದನ್ನು ಓದಿದ ಮೇಲೆ ಒಂದೊಂದು ಹುಳುವೂ ನನ್ನ ಕಣ್ಣಿಗೆ ನಿಮ್ಮ ಹಾಗೆಯೇ ಕಾಣತೊಡಗಿತ್ತು. ಸಿಟ್ಟಾಗಬೇಡಿ, ಹೊಟ್ಟೆಬಾಕತನದಲ್ಲಿ ಮಾತ್ರ. ಸೊಪ್ಪು ಹಾಕಿ ತಿರುಗುವಷ್ಟರಲ್ಲಿ ಖಾಲಿ.

ಈಗ ಭಾನುವಾರದ ಕಥೆ ಕೇಳಿ. ತಂಗಿ ಅಕ್ಷಿತಾಳ ನಿಶ್ಚಿತಾರ್ಥ ಬೆಳಗೊಳದಲ್ಲಿ. ಹುಳು ಹಣ್ಣಾಗಿ ಚಂದ್ರಿಕೆಗೆ ಏರಿದ ಮಾರನೆಯ ದಿನವೇ ಬರಬೇಕೇ ಆ ಮುಹೂರ್ತ! ಒಡಹುಟ್ಟಿದ ಅಕ್ಕ ಹೋಗದಿದ್ದರೆ ಜನ ಸುಮ್ಮನಿರುತ್ತಾರೆಯೇ? ಅತ್ತೆಯೇ ‘ಓಗವ್ವ, ನಾನಿಲ್ವಾ’ ಎಂದು ಕಳಿಸಿದರು. ನನಗೂ ಧೈರ್ಯವಿತ್ತು. ಸಂಕ್ರಾಂತಿಯ ರಜೆಯಲ್ಲಿ ನೀವು ಊರಾಚೆ ಬೋರೆಯ ದಿಬ್ಬದ ಮೇಲಿನ ನಮ್ಮ ರೇಷ್ಮೆ ಮನೆಗೆ ಸೋಲಾರ್ ಹಾಕಿ, ಬ್ಯಾಟರಿ ಕೂರಿಸಿ, ಸಿಮ್ಮು ಹಾಕಿದ ಆ ಡಬ್ಬಿ, ಕ್ಯಾಮೆರಾ ಜೋಡಿಸಿ, ಎಲ್ಲಿದ್ದರೂ ಮೊಬೈಲಿನಲ್ಲೇ ಫ್ಯಾನು, ಬಲ್ಬು, ತೊಟ್ಟಿಯ ಮೋಟಾರು ಆಡಿಸುವುದನ್ನು ಕಲಿಸಿ ಹೋಗಿದ್ದಿರಲ್ಲ. ಕರೆಂಟು ಕಂಬ ಕಾಣದ ಆ ಬೋರೆಯಲ್ಲಿ ಫ್ಯಾನು ತಿರುಗಿದ್ದು ನೋಡಿ ಪಕ್ಕದ ಹೊಲದ ಮುದ್ದಯ್ಯ ಮಾವ, ‘ಎದ್ದೋಗಿ ಸ್ವಿಚ್ ಆಕಕ್ಕೂ ಸೋಮಾರಿತನವೇನವ್ವ ನಿಂಗೆ?’ ಎಂದು ಊರೆಲ್ಲ ಆಡಿಕೊಂಡಿದ್ದರು. ಭಾನುವಾರ ಆ ಬಾಯಿಯೇ ನಮ್ಮ ಕೆಲಸಕ್ಕೆ ಬಂತು, ಮುಂದೆ ಹೇಳುತ್ತೇನೆ.

ಗಂಡಿನ ಕಡೆಯವರು ಬಂದು ಕೂತಿದ್ದರು. ನನ್ನ ಕೈಯಲ್ಲಿ ಹೂವು ಹಣ್ಣಿನ ತಟ್ಟೆ. ಸೊಂಟಕ್ಕೆ ಸಿಕ್ಕಿಸಿದ್ದ ಮೊಬೈಲು ಗುರ್ ಗುರ್ ಎಂದಿತು. ತಟ್ಟೆಯ ಮರೆಯಲ್ಲೇ ನೋಡಿದೆ. ರೇಷ್ಮೆ ಮನೆಯ ಕಾವು ಏರುತ್ತಿದೆ, ಬ್ಯಾಟರಿ ಇಳಿದು ಕೆಂಪಾಗಿದೆ, ಸೋಲಾರಿನಿಂದ ಬರುತ್ತಿರುವುದು ಏನೇನೂ ಇಲ್ಲ. ನಡುಮಧ್ಯಾಹ್ನ, ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ! ಗೂಡು ಕಟ್ಟುವ ಹುಳುವಿಗೆ ಗಾಳಿ ನಿಂತರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅತ್ತೆಗೆ ಫೋನು ಮಾಡಿದೆ. ಎಲ್ಲಿ ಎತ್ತುತ್ತಾರೆ? ಫೋನಿನ ಸದ್ದಿಗೆ ಹುಳು ಬೆಚ್ಚಿ ನೂಲು ಹರಿದುಕೊಳ್ಳುತ್ತವೆ ಎಂದು ಅದನ್ನು ಊರ ಮನೆಯ ಅಕ್ಕಿ ಡಬ್ಬದ ಮೇಲೆ ಇಟ್ಟು ಬಂದಿದ್ದರು. ನೀವು ಕಲಿಸಿದಂತೆ ಮೋಟಾರು ಆರಿಸಿದೆ. ಫ್ಯಾನುಗಳನ್ನು ಒಟ್ಟಿಗೆ ಬಿಡದೆ ಸರದಿಯ ಮೇಲೆ ಒಂದೊಂದನ್ನೇ ತಿರುಗಿಸಿದೆ. ಆಮೇಲೆ ಅತ್ತೆಯ ಗಮನಕ್ಕೆ ಬರಲಿ ಎಂದು ಬಲ್ಬನ್ನು ಹಾಕಿದೆ, ಆರಿಸಿದೆ, ಹಾಕಿದೆ, ಆರಿಸಿದೆ. ಕ್ಯಾಮೆರಾದಲ್ಲಿ ನೋಡುತ್ತೇನೆ, ಅತ್ತೆ ಒಳಗೆ ಬಂದರು, ಬಲ್ಬನ್ನು ದಿಟ್ಟಿಸಿದರು, ಕೆನ್ನೆ ಕೆನ್ನೆ ಬಡಿದುಕೊಂಡು ಭಕ್ತಿಯಿಂದ ಕೈಮುಗಿದು ಹೊರಗೆ ಹೋಗಿ ಕೂತರು! ಆಮೇಲೆ ಕೇಳಿದರೆ, ‘ಬಲ್ಬು ಅಂಗೇ ಕಣ್ ಮಿಟುಕುಸ್ತಿತ್ತು ಕಣಮ್ಮಿ, ಮುನೇಶ್ವರ ಬಂದ್ಬುಟ್ಟ ಅನ್ಕಂಡೆ’ ಎಂದರು.

ಬಾಗಿಲಾಚೆ ಕೂತ ಅತ್ತೆ ಸೋಲಾರಿನ ಕಡೆ ಮುಖ ಮಾಡಿದ್ದು ಕ್ಯಾಮೆರಾದಲ್ಲಿ ಕಾಣುತ್ತಿತ್ತು. ಕೈಯಲ್ಲಿ ಕಾಗೆ ಓಡಿಸುವ ಉದ್ದನೆಯ ಕೋಲು. ಕಾಗೆಗೂ ಸೋಲಾರಿಗೂ ಏನು ಸಂಬಂಧ ಎಂದು ಯೋಚಿಸಿದವಳಿಗೆ ಬೆಳಿಗ್ಗೆ ಒಲೆಯ ಮೇಲೆ ಕುದಿಯುತ್ತಿದ್ದ ದೊಡ್ಡ ಪಾತ್ರೆ ನೆನಪಾಯಿತು. ಅಕ್ಕಿ ಸಂಡಿಗೆಯ ಹಿಟ್ಟು! ಎದೆಮಟ್ಟದ ಕಬ್ಬಿಣದ ಕಾಲಿನ ಮೇಲೆ ನೀವು ಕೂರಿಸಿದ ಆ ಕರಿ ಗಾಜುಗಳಷ್ಟು ಚೊಕ್ಕಟವಾದ, ಕೋಳಿ ಹತ್ತದ, ಬಿಸಿಲು ಬೀಳುವ ಜಾಗ ಈ ಹೋಬಳಿಯಲ್ಲೇ ಇನ್ನೊಂದಿಲ್ಲ. ಹಳೆಯ ಸೀರೆ ಹಾಸಿ, ನಾಲ್ಕೂ ಗಾಜಿನ ತುಂಬ ಸಂಡಿಗೆ ಇಟ್ಟುಬಿಟ್ಟಿದ್ದರು.

ಮುದ್ದಯ್ಯ ಮಾವನಿಗೆ ಫೋನು ಮಾಡಿದೆ. ಪಾಪ, ಉಳುತ್ತಿದ್ದ ಟ್ರಾಕ್ಟರು ನಿಲ್ಲಿಸಿ ಓಡಿದರು. ಆದರೆ ಹುಳು ಹಣ್ಣಾದಾಗ ಹೊರಗಿನವರು ರೇಷ್ಮೆ ಮನೆಯ ಅಂಗಳ ತುಳಿಯಬಾರದಲ್ಲ, ಬದುವಿನ ಮೇಲೇ ನಿಂತು ಕೂಗಿದರು. ‘ಬೆಟ್ಟಮ್ಮಕ್ಕೋ! ನಿನ್ ಸೊಸೆ ಬೆಳಗೊಳದಿಂದ ಬಡ್ಕೋತಾವ್ಳೆ, ಗಾಜಿನ ಮ್ಯಾಲಿಂದ ಸಂಡಿಗೆ ತಗೀಬೇಕಂತೆ!’ ಅದಕ್ಕೆ ಅತ್ತೆಯ ಉತ್ತರ ನನಗೂ ಫೋನಿನಲ್ಲಿ ಕೇಳಿಸಿತು: ‘ಇನ್ನೂ ಅಸಿ ಅವೆ, ಸಂಜೆಗಂಟ ಬಿಸ್ಲು ಬೇಕು ಅನ್ನು!’ ನಾನು ನಿಶ್ಚಿತಾರ್ಥವನ್ನೂ ಮರೆತು, ‘ಹುಳ ಬೇಕೋ ಸಂಡಿಗೆ ಬೇಕೋ ಕೇಳಿ ಮಾವ’ ಎಂದು ಕಿರುಚಿದೆ. ಪುರೋಹಿತರ ಮಂತ್ರ ನಿಂತಿತು. ಗಂಡಿನ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅಕ್ಷಿತಾ ತಲೆ ತಗ್ಗಿಸಿಕೊಂಡು ನಗು ನುಂಗುತ್ತಿದ್ದಳು.

ಅಲ್ಲಿ ಅತ್ತೆ ಸೀರೆ ಸಮೇತ ಸಂಡಿಗೆ ಎಳೆದರು ನೋಡಿ, ಇಲ್ಲಿ ನನ್ನ ಮೊಬೈಲಿನಲ್ಲಿ ಸೊನ್ನೆಯ ಹತ್ತಿರ ಬಿದ್ದಿದ್ದ ಗೆರೆ ಸರ್ರನೆ ಮೇಲೆದ್ದಿತು! ಎಲ್ಲ ಫ್ಯಾನುಗಳನ್ನೂ ಒಂದೊಂದಾಗಿ ಒತ್ತಿದೆ, ಎಲ್ಲವೂ ತಿರುಗಿದವು. ‘ಬಂತು, ಬಂತು’ ಎಂದು ನಾನು ಕುಣಿದದ್ದಕ್ಕೆ ಯಾರೋ ದೊಡ್ಡ ಮನುಷ್ಯರು ಬಂದರೆಂದುಕೊಂಡು ಸಭೆಯೆಲ್ಲ ಬಾಗಿಲ ಕಡೆ ತಿರುಗಿತು. ನೀವು ಇರಬೇಕಿತ್ತು. ನೀವು ಕೂರಿಸಿದ ಯಂತ್ರ ಊರಾಚೆಯಿಂದ ನನ್ನ ಬೆರಳಿನ ಮಾತು ಕೇಳಿದ್ದನ್ನು ಮೊದಲು ನಿಮಗೇ ಹೇಳಬೇಕೆನಿಸಿತು. ನಿಮ್ಮಲ್ಲಿಗೆ ಮಾತ್ರ ಸಿಗ್ನಲ್ಲೇ ಇಲ್ಲ.

ಊಟ ಮುಗಿಸಿ, ಪಾಂಡವಪುರದಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಅತ್ತೆಗೆ ಹೇಗೆ ಬೈಯಬೇಕೆಂದು ಮಾತು ಜೋಡಿಸಿಕೊಂಡು ಬಂದೆ. ಬಂದು ನೋಡಿದರೆ ಮುದ್ದೆಯಾದ ಸಂಡಿಗೆಯನ್ನು ಮೊರದಲ್ಲಿ ಹರಡಿಕೊಂಡು ಒಂದೊಂದೇ ಬಿಡಿಸುತ್ತ ಕೂತಿದ್ದರು. ‘ನನ್ ಮಗ ದೇವರಾಜುಗೆ ಕಳ್ಸವಾ ಅಂತ ಮಾಡ್ದೆ ಕಣವ್ವ. ಬಿರ್ನೆ ಒಣಗ್ಲಿ ಅಂತ...’ ಎಂದರು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ನಾನೂ ಪಕ್ಕದಲ್ಲಿ ಕೂತು ಬಿಡಿಸಿದೆ. ಬಿಡಿಸುತ್ತಲೇ ಇಬ್ಬರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆವು. ಮಾರನೆಯ ಬೆಳಿಗ್ಗೆ ಸೋಲಾರಿಗೆ ತಪ್ಪೊಪ್ಪಿಕೊಂಡು ಅರಿಶಿನ ಕುಂಕುಮ ಇಡಲು ಹೊರಟಿದ್ದರು. ಗಾಜಿಗೆ ಬೇಡ, ಕಬ್ಬಿಣದ ಚೌಕಟ್ಟಿಗೆ ಇಡಿ ಎಂದು ಕೈಹಿಡಿದು ತೋರಿಸಿದೆ.

ಸಂಡಿಗೆ ಈ ಪತ್ರದ ಜೊತೆಯಲ್ಲೇ ಬರುತ್ತಿದೆ. ಆಕಾರ ನೋಡಿ ನಗಬೇಡಿ, ಎಣ್ಣೆಗೆ ಬಿದ್ದರೆ ಎಲ್ಲ ಅರಳುತ್ತವೆ. ಜೊತೆಯವರಿಗೂ ಕೊಡಿ. ಅತ್ತೆಯ ಆಶೀರ್ವಾದ, ಮುದ್ದಯ್ಯ ಮಾವನ ರಾಮ ರಾಮ, ಅಕ್ಷಿತಾಳ ನಮಸ್ಕಾರ. ಮೈ ಕಡೆ ಗಮನವಿರಲಿ.

ನಿಮ್ಮ ಹಾದಿ ಕಾಯುವ,
ಪ್ರಮೀಳಾ

ತಾ.ಕ.: ಪತ್ರವನ್ನು ಅಂಚೆಗೆ ಹಾಕಲು ಹೋಗಬೇಕಾದ ಕೆ.ಆರ್. ಪೇಟೆಯ ಬಸ್ಸು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಗೂಡು ಇನ್ನೂ ಬಿಡಿಸಿಲ್ಲ. ಮಾರುಕಟ್ಟೆಯಲ್ಲಿ ಏನಾಗುತ್ತದೋ ತಿಳಿಯದು. ಆದರೆ ಒಂದು ಮಾತು. ಭಾನುವಾರ ತಟ್ಟೆ ಹಿಡಿದು ಫ್ಯಾನು ಹಾಕುತ್ತ ಆರಿಸುತ್ತ ನಿಂತಾಗ ನನಗೆ ನಿಜವಾಗಿ ಕೋಪ ಬಂದದ್ದು ನಿಮ್ಮ ಮೇಲೆ. ನೀವು ಮನೆಗೆ ಬರುವುದೂ ಬಾರದಿರುವುದೂ ಹುಳು ಹೇಳಿದಂತೆಯೇ? ನನ್ನನ್ನು ಕೇಳಬೇಡವೇ? ಇದನ್ನು ಅತ್ತೆಗೆ ಓದಿ ಹೇಳಿದೆ. ‘ಹುಳ ಉಳುದ್ರೂ ಬರ್ಲಿ, ಸತ್ರೂ ಬರ್ಲಿ. ಅಂಗೇ ಬರಿಯವ್ವ’ ಎಂದರು. ಹಾಗೇ ಬರೆದಿದ್ದೇನೆ. ಸಹಿ ಹಾಕಬೇಡಿ.