ಮಾವನವರ ಕಂಪ್ಯೂಟರ್ ರಿಪೇರಿ

ವಿಜಯನಗರ, ಬೆಂಗಳೂರು
17-9-1987, ಗುರುವಾರ

ಪ್ರೀತಿಯ ನೀಲಾಳ ಅಪ್ಪನವರಿಗೆ,

ಜಯದೇವಿ ಮಾಡುವ ಶರಣು. ನಿಮ್ಮ ಬೆನ್ನುನೋವು ಈಗ ಹೇಗಿದೆ? ಮಸ್ಕತ್ತಿನ ಸೆಕೆ ಸ್ವಲ್ಪವಾದರೂ ಇಳಿದಿದೆಯೇ? ಮಂಚಕ್ಕಿಂತ ನೆಲದ ಮೇಲೆ ಮಲಗಿದರೆ ಹಾಯೆನಿಸುತ್ತದೆ ಎಂದು ಹೋದ ಕಾಗದದಲ್ಲಿ ಬರೆದಿದ್ದಿರಿ. ರೂಮಿನವರಲ್ಲಿ ಯಾರಿಗಾದರೂ ಹೇಳಿ ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳಿ, ಸಂಕೋಚಪಡಬೇಡಿ. ಇಲ್ಲಿ ಮಾವನವರು, ನೀಲಾ, ನಾನು ಮೂವರೂ ಕ್ಷೇಮ. ಹಾಗೆಂದು ಬರೆಯುವುದು ವಾಡಿಕೆ, ನೀವೂ ಹಾಗೆಂದೇ ಓದಿಕೊಳ್ಳಿ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದೆ. ಸೀಮೆಎಣ್ಣೆಗೆ ಕ್ಯೂ ನಿಂತು ನನ್ನ ಕಾಲು ಊದಿಕೊಂಡಿತ್ತು, ಈಗ ಇಳಿದಿದೆ. ನೀಲಾ ಏಳನೇ ಕ್ಲಾಸಿನ ಮೊದಲ ಪರೀಕ್ಷೆಯಲ್ಲಿ ಗಣಿತದಲ್ಲಿ ಒಳ್ಳೆಯ ನಂಬರು ತೆಗೆದಿದ್ದಾಳೆ, ಹಿಂದಿಯಲ್ಲಿ ತೆಗೆದಿಲ್ಲ.

ಕಂಪನಿಯವರು ಇನ್ನೆರಡು ವರ್ಷಕ್ಕೆ ಸಹಿ ಕೇಳುತ್ತಿದ್ದಾರೆ, ಈ ತಿಂಗಳ ಕೊನೆಯೊಳಗೆ ಹೇಳಬೇಕು, ನೀನು ಏನನ್ನುತ್ತೀ ಎಂದು ಕೇಳಿದ್ದೀರಿ. ಹದಿನೈದು ದಿನದಿಂದ ಅದಕ್ಕೆ ಉತ್ತರ ಬರೆಯಲು ಕೂರುತ್ತೇನೆ, ಏಳುತ್ತೇನೆ. ಒಂದು ದಿನ ಹಾಲು ಉಕ್ಕಿತು, ಒಂದು ದಿನ ಮಾವನವರು ಕರೆದರು, ಒಂದು ದಿನ ಏನೂ ಆಗಲಿಲ್ಲ, ಆದರೂ ಎದ್ದುಬಿಟ್ಟೆ. ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲು ಕಂಪ್ಯೂಟರಿನ ವಿಷಯ ಹೇಳಿಬಿಡಬೇಕು. ನೀವು ಬೇಡವೆಂದು ಬರೆದ ಮೇಲೂ ನಾನು ಅದನ್ನು ರಿಪೇರಿ ಮಾಡಿಸಿದ್ದೇನೆ. ಕೋಪ ಮಾಡಿಕೊಳ್ಳುವುದಿದ್ದರೆ ಪೂರ್ತಿ ಓದಿದ ಮೇಲೆ ಮಾಡಿಕೊಳ್ಳಿ.

ಎಂಬತ್ತೈದರಲ್ಲಿ ರಜೆಗೆ ಬಂದಾಗ ನೀವು ಅದನ್ನು ನೀಲಾಳಿಗೆಂದು ತಂದಿರಿ. ಅದನ್ನು ಟೀವಿಗೆ ಸಿಕ್ಕಿಸಿ, ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟು, ಕ್ಯಾಸೆಟ್ಟಿನಿಂದ ಆಟವನ್ನು ಒಳಗೆ ಇಳಿಸುವುದನ್ನು ತೋರಿಸಿಕೊಟ್ಟಿರಿ. ಐದು ನಿಮಿಷ ಅದು ಕಿರುಚುವುದನ್ನು ಕೇಳಿ ಓನರ್ ಯಶೋದಮ್ಮ ಮಹಡಿಯಿಂದ ಇಳಿದು ಬಂದಿದ್ದರು, ನೆನಪಿದೆಯಲ್ಲ? ಈಗ ಆ ಕಂಪ್ಯೂಟರ್ ನೀಲಾಳದ್ದಲ್ಲ, ನಿಮ್ಮ ತಂದೆಯವರದು. ಹೋದ ವರ್ಷ ಆಷಾಢದಲ್ಲಿ ಅವರಿಗೆ ಲಕ್ವ ಹೊಡೆದಾಗ ನಿಮಗೆ ರಜೆ ಸಿಗಲಿಲ್ಲ, ಅದು ನಿಮ್ಮ ತಪ್ಪಲ್ಲ ಎಂದು ನಾನು ಆಗಲೇ ಬರೆದಿದ್ದೆ. ಕಾಲು ಅಷ್ಟಿಷ್ಟು ತಿರುಗಿತು, ಬಲಗೈ ಬರಲಿಲ್ಲ. ಬೆರಳು ಆಡಿಸುತ್ತಿರಲಿ, ಇಲ್ಲದಿದ್ದರೆ ಮುಷ್ಟಿ ಹಾಗೇ ಸೆಟೆದುಕೊಳ್ಳುತ್ತದೆ ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರು. ರಾಜಾಜಿನಗರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೇತ್ ತಿರುಗಿಸಿದ ಮನುಷ್ಯನಿಗೆ ಚೆಂಡು ಅದುಮಿಕೊಂಡು ಕೂರಲು ನಾಚಿಕೆ. ಎರಡೇ ದಿನಕ್ಕೆ ಅದನ್ನು ಮಂಚದ ಕೆಳಗೆ ಉರುಳಿಸಿಬಿಟ್ಟರು. ಆಮೇಲೊಂದು ದಿನ ನೀಲಾ ಇಟ್ಟಿಗೆ ಒಡೆಯುವ ಆಟ ಆಡುತ್ತಿದ್ದಳು. ಇವರು ಹಿಂದಿನಿಂದ ನೋಡಿ ನೋಡಿ ತಾಳಲಾರದೆ ಕೈ ಚಾಚಿದರು. ಬಲಗೈಯನ್ನೇ ಚಾಚಿದರು.

ಅಂದಿನಿಂದ ದಿನಾ ತಿಂಡಿ ಆದ ಮೇಲೆ ಒಂದು ಗಂಟೆ, ಸಂಜೆ ಒಂದು ಗಂಟೆ. ನಾನು ಸೀರೆಗೆ ಫಾಲ್ಸ್ ಹೊಲಿಯುತ್ತ ಕೂತಿರುತ್ತೇನೆ, ಅವರು ಇಟ್ಟಿಗೆ ಒಡೆಯುತ್ತ ಕೂತಿರುತ್ತಾರೆ. ಸೋತರೆ ಆ ಡಬ್ಬವನ್ನು ಬೈಯುತ್ತಾರೆ. ಮಾತು ತೊದಲುತ್ತದೆ, ಬೈಗುಳ ಮಾತ್ರ ಸ್ಪಷ್ಟವಾಗಿದೆ. ಹೆಬ್ಬೆರಳು, ತೋರುಬೆರಳು ಎರಡಕ್ಕೂ ಜೀವ ಬಂದಿದೆ, ತುತ್ತು ತಾವೇ ಕಲಸಿಕೊಳ್ಳುತ್ತಾರೆ. ಅದಕ್ಕೆ ಮೊದಲು ಎಂಟು ತಿಂಗಳು ನಾನು ಕಲಸಿ ತಿನ್ನಿಸಿದ್ದೇನೆ. ಅವರು ಮುಖ ಆ ಕಡೆ ತಿರುಗಿಸಿಕೊಂಡೇ ಬಾಯಿ ತೆರೆಯುತ್ತಿದ್ದರು. ಆ ಕಂಪ್ಯೂಟರ್ ಕೆಟ್ಟಾಗ ನನಗೆ ಮತ್ತೆ ಆ ತುತ್ತುಗಳೇ ನೆನಪಾದವು.

ಒಂದೇ ದಿನದಲ್ಲಿ ಕೆಟ್ಟದ್ದಲ್ಲ ಅದು, ಸ್ವಲ್ಪ ಸ್ವಲ್ಪವಾಗಿ ಕೆಟ್ಟಿತು. ಮೊದಲು ಎಡಕ್ಕೆ ಹೋಗುವ ಕೀ ಕೂತುಹೋಯಿತು, ಆಮೇಲೆ ಬಲಕ್ಕೆ ಹೋಗುವುದು. ಆ ಕೀಗಳ ರಬ್ಬರು ಬೆಲ್ಲ ಬಿಸಿಲಿಗಿಟ್ಟ ಹಾಗೆ ಆಗಿತ್ತು. ಆಮೇಲೆ ಇಟ್ಟಿಗೆ ಆಟದ ಕ್ಯಾಸೆಟ್ಟಿನ ಟೇಪೇ ಸವೆದು ಆಟ ಒಳಗೆ ಇಳಿಯದಾಯಿತು. ಬೇರೆ ಆಟ ತರೋಣವೆಂದರೆ ಈಗ ಸಿಗುವ ಯಾವ ಆಟವೂ ಈ ಕಂಪ್ಯೂಟರಿಗೆ ಹಿಡಿಸುವುದಿಲ್ಲವಂತೆ. ಅದನ್ನೆಲ್ಲ ನಾನು ಜುಲೈನಲ್ಲಿ ನಿಮಗೆ ಬರೆದೆ. ಹಳೆಯದಕ್ಕೆ ದುಡ್ಡು ಸುರಿಯಬೇಡ, ಬರುವಾಗ ಹೊಸದನ್ನೇ ತರುತ್ತೇನೆ ಎಂದು ನೀವು ಉತ್ತರ ಬರೆದಿರಿ. ಬರುವಾಗ ಎಂದರೆ ಯಾವಾಗ ಎಂದು ಆ ಕಾಗದದಲ್ಲಿ ಇರಲಿಲ್ಲ. ಅಷ್ಟರಲ್ಲಿ ಮಾವನವರು ಆಡದೆ ಮೂರು ವಾರವಾಗಿತ್ತು. ಬೆಳಿಗ್ಗೆ ಎದ್ದರೆ ಕೈ ಮುಷ್ಟಿ ಕಟ್ಟಿಕೊಂಡಿರುತ್ತಿತ್ತು. ನಾನು ಬಿಸಿನೀರಿನಲ್ಲಿ ಅದ್ದಿ ಒಂದೊಂದೇ ಬೆರಳು ಬಿಡಿಸಬೇಕಾಗುತ್ತಿತ್ತು.

ನಮ್ಮ ಮಾರ್ಕೆಟ್ ರಸ್ತೆಯಲ್ಲಿ ಅಂಜಿನಯ್ಯ ಎಂಬವನು ಟೀವಿ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮೂಲ ನಾಯಂಡಹಳ್ಳಿಯವನು. ಕೈ ಒಳ್ಳೆಯದು, ಬಾಯಿ ಸ್ವಲ್ಪ ಹೆಚ್ಚು. ಚೀಲದಲ್ಲಿ ಕಂಪ್ಯೂಟರ್ ಹಾಕಿಕೊಂಡು ಅವನ ಹತ್ತಿರ ಹೋದೆ. ಸ್ಕ್ರೂ ಬಿಚ್ಚಿ ಒಳಗೆ ನೋಡಿ, "ಮೇಡಂ, ಇದು ಒಂದು ರೂಮಿನ ಮನೆ. ಈಗ ಬರೋ ಆಟಕ್ಕೆಲ್ಲ ಮೂರು ರೂಮ್ ಬೇಕು. ನಿಮ್ ಪುಣ್ಯ, ಇನ್ನೆರಡು ರೂಮಿಗೆ ಜಾಗ ಒಳಗೇ ಬಿಟ್ಟವ್ರೆ," ಎಂದ. ನಿಜವಾಗಿಯೂ ಖಾಲಿ ಸಾಕೆಟ್ಟುಗಳು ಸಾಲಾಗಿ ಬಾಯಿ ತೆರೆದುಕೊಂಡಿದ್ದವು. ಅಲ್ಲಿ ಹನ್ನೆರಡು ಚಿಪ್ ಕೂಡಿಸಿದರೆ ನೆನಪಿನ ಶಕ್ತಿ ಮೂರರಷ್ಟು ಆಗುತ್ತದಂತೆ. ನನಗೆ ಆ ಕ್ಷಣ ನಮ್ಮ ಸುಂಕದಕಟ್ಟೆಯ ಸೈಟು ನೆನಪಾಯಿತು. ಅಲ್ಲಿಯೂ ಜಾಗವಿದೆ, ರೂಮು ಇಲ್ಲ. ಹೋದ ತಿಂಗಳು ನೋಡಿಕೊಂಡು ಬಂದೆ, ಪಾರ್ಥೇನಿಯಂ ನನ್ನ ಭುಜದವರೆಗೆ ಬೆಳೆದಿದೆ.

ಹೊಸ ಚಿಪ್ಪಿನ ಬೆಲೆ ಕೇಳಿ ನಾನು ಚೀಲ ಎತ್ತಿಕೊಂಡೆ. ಅವನೇ ಕರೆದು ಕೂರಿಸಿ, ಎಸ್.ಪಿ. ರಸ್ತೆಯಲ್ಲಿ ಹಳೆಯ ಬೋರ್ಡಿನಿಂದ ಕಿತ್ತ ಚಿಪ್ಪುಗಳು ಸಿಗುತ್ತವೆ, ಅರ್ಧಕ್ಕಿಂತ ಕಡಿಮೆ ಬೆಲೆ, ಗ್ಯಾರಂಟಿ ಮಾತ್ರ ಇಲ್ಲ ಎಂದು ಚೀಟಿಯಲ್ಲಿ ನಂಬರು ಬರೆದುಕೊಟ್ಟ. ಎರಡು ಬಸ್ಸು ಬದಲಾಯಿಸಿ ಹೋದೆ. ಅಲ್ಲಿ ತರಕಾರಿಯ ಹಾಗೆ ಚಿಪ್ಪು ಗುಡ್ಡೆ ಹಾಕಿಕೊಂಡು ಕೂತಿರುತ್ತಾರೆ. ಬದನೆಕಾಯಿಯಾದರೆ ಹುಳುಕು ಯಾವುದೆಂದು ನನಗೆ ಗೊತ್ತಾಗುತ್ತದೆ, ಇದು ಗೊತ್ತಾಗಲಿಲ್ಲ. ತಂದು ಕೂಡಿಸಿದರೆ ಟೀವಿಯಲ್ಲಿ ಬರೀ ಕಪ್ಪು ಬಿಳಿ ಚೌಕ. ಹನ್ನೆರಡರಲ್ಲಿ ಒಂದು ಹುಳುಕು. ಮತ್ತೆ ಹೋದೆ, ಆ ಮನುಷ್ಯನ ಹತ್ತಿರ ಜಗಳ ಆಡಿ ಬದಲಾಯಿಸಿಕೊಂಡು ಬಂದೆ. ಬರುವಾಗ ಬಸ್ಸಿನಲ್ಲಿ ನಿಂತುಕೊಂಡೇ ತೂಕಡಿಸಿದೆನಂತೆ, ಪಕ್ಕದ ಹೆಂಗಸು ಎಬ್ಬಿಸಿದಳು. ದುಡ್ಡಿನ ಬಗ್ಗೆ ಚಿಂತೆ ಬೇಡ, ಎಲ್ಲ ಫಾಲ್ಸ್ ಹೊಲಿದ ದುಡ್ಡು. ನೀವು ಮನೆ ಕಟ್ಟಲೆಂದು ಕಳಿಸಿದ್ದನ್ನು ಮುಟ್ಟಿಲ್ಲ.

ಕೀಗಳದ್ದು ಇನ್ನೊಂದು ಕಥೆ. ಆ ರಬ್ಬರು ಇಲ್ಲಿ ಎಲ್ಲೂ ಸಿಗುವುದಿಲ್ಲ. ಒಂದು ಸಂಜೆ ಅಂಜಿನಯ್ಯ ಮನೆಗೆ ಬಂದು, ನಾವಿಬ್ಬರೂ ತಲೆ ಕೆಡಿಸಿಕೊಂಡು ಕೂತಿದ್ದಾಗ ಮಾವನವರು ಎಡಗೈಯಲ್ಲಿ ಸ್ಲೇಟು ತೆಗೆದುಕೊಂಡು ಒಂದು ಚಿತ್ರ ಬರೆದರು. ಚಪಾತಿ ಮಣೆ, ಅದರ ಮೇಲೆ ನಾಲ್ಕು ಕಾಲಿಂಗ್ ಬೆಲ್ಲಿನ ಸ್ವಿಚ್ಚು. ಎಡಕ್ಕೊಂದು, ಬಲಕ್ಕೊಂದು, ಮೇಲಕ್ಕೊಂದು, ಕೆಳಕ್ಕೊಂದು. ಪ್ರತಿಯೊಂದರಿಂದ ಎರಡೆರಡು ವೈರು ಕಂಪ್ಯೂಟರಿಗೆ. ಅಂಜಿನಯ್ಯ ಸ್ಲೇಟನ್ನು ಎರಡು ಸಲ ನೋಡಿ ಸುಮ್ಮನಾದ, ಅವನು ಸುಮ್ಮನಾದದ್ದು ಅದೊಂದೇ ಸಲ. ಹಾಗೇ ಮಾಡಿಯೂ ಕೊಟ್ಟ. ಬೆಲ್ಲಿನ ಸ್ವಿಚ್ಚಿನ ಸ್ಪ್ರಿಂಗು ಗಟ್ಟಿ, ಒತ್ತಲು ಬಲ ಬೇಕು, ಚೆಂಡಿಗಿಂತ ಇದೇ ವಾಸಿ ಎಂದು ಡಾಕ್ಟರು ನಗುತ್ತ ಹೇಳಿದರು. ಮಣೆ ಹೋದದ್ದಕ್ಕೆ ನಾನೀಗ ಸ್ಟೀಲ್ ತಟ್ಟೆ ಬೋರಲು ಹಾಕಿ ಚಪಾತಿ ಲಟ್ಟಿಸುತ್ತಿದ್ದೇನೆ. ಅದೂ ಅಭ್ಯಾಸವಾಗುತ್ತದೆ.

ಹೋದ ಭಾನುವಾರ ಅಂಜಿನಯ್ಯ ಮತ್ತೆ ಮನೆಗೆ ಬಂದು ಎಲ್ಲ ಜೋಡಿಸಿದ. ಬೆಟ್ಟದ ದಾರಿಯಲ್ಲಿ ಲಾರಿ ಓಡಿಸುವ ಆಟ ತಂದಿದ್ದ, ಅದನ್ನು ನಮ್ಮ ಕ್ಯಾಸೆಟ್ಟಿಗೆ ಕಾಪಿ ಮಾಡಿಕೊಟ್ಟು ಹೋಗುವುದೆಂದು. ಇಲ್ಲೊಂದು ತಪ್ಪು ನಡೆಯಿತು, ಮುಚ್ಚಿಟ್ಟು ಪ್ರಯೋಜನವಿಲ್ಲ. ಎಂಬತ್ತಾರರ ಯುಗಾದಿಗೆ ನೀವು ಮಾತಾಡಿ ಕಳಿಸಿದ ಕ್ಯಾಸೆಟ್ ಇತ್ತಲ್ಲ, ಈ ಎರಡು ವರ್ಷವೇ ಕೊನೆ, ಆಮೇಲೆ ಬಂದುಬಿಡುತ್ತೇನೆ ಅಪ್ಪಾಜಿ ಎಂದು ನೀವು ಹೇಳಿದ್ದು. ಮಾವನವರು ದಿನಾ ಅದನ್ನು ಹಾಕಿಸಿಕೊಂಡು ಕೇಳುತ್ತಿದ್ದರು. ಖಾಲಿ ಕ್ಯಾಸೆಟ್ ಕೊಡಿ ಎಂದು ಅಂಜಿನಯ್ಯ ಕೇಳಿದಾಗ ನಾನು ಒಲೆಯ ಮೇಲೆ ಸಾರಿಟ್ಟು ಅವಸರದಲ್ಲಿದ್ದೆ. ಕೈಗೆ ಸಿಕ್ಕಿದ್ದನ್ನು ಕೊಟ್ಟೆ, ಅದು ನಿಮ್ಮದಾಗಿತ್ತು. ಈಗ ಅದರಲ್ಲಿ ಎರಡೂ ಕಡೆ ಲಾರಿಯ ಆಟವೇ ಇದೆ. ನಿಮ್ಮ ದನಿ ಹೋಯಿತು. ನನಗೂ ಸಂಕಟವಾಯಿತು. ಮಾವನವರು ಏನೂ ಅನ್ನಲಿಲ್ಲ.

ಆಟ ಮಾತ್ರ ಚೆನ್ನಾಗಿ ನಡೆಯುತ್ತಿದೆ. ಮೊದಲ ದಿನ ಲಾರಿ ಹದಿನೇಳು ಸಲ ಕಣಿವೆಗೆ ಬಿತ್ತು. ಇವತ್ತು ಬೆಳಿಗ್ಗೆ ನಾಲ್ಕನೇ ತಿರುವು ದಾಟಿಸಿದರು. ನೀಲಾಳಿಗೆ ತಾತನ ಸರದಿ ಮುಗಿಯುವುದೇ ಇಲ್ಲ ಎಂದು ಸಿಟ್ಟು. ಮುಷ್ಟಿ ಮತ್ತೆ ಸಡಿಲವಾಗುತ್ತಿದೆ, ನಿನ್ನೆ ತಾವೇ ವಿಭೂತಿ ಹಚ್ಚಿಕೊಂಡರು. ಮೂರೂ ಗೆರೆ ಸೊಟ್ಟ, ಆದರೂ ತಮ್ಮ ಕೈಯಲ್ಲೇ.

ಇನ್ನು ನಿಮ್ಮ ಪ್ರಶ್ನೆ. ಎರಡು ವರ್ಷವಿದ್ದರೆ ಮನೆ ಏಳುತ್ತದೆ ಎಂದು ನೀವು ಬರೆದಿದ್ದೀರಿ, ಲೆಕ್ಕ ಸರಿಯೇ ಇರಬೇಕು. ಅಲ್ಲಿನ ಕಷ್ಟ ಸುಖ ನಿಮಗೆ ಗೊತ್ತು. ನಾನೇನು ಹೇಳಲಿ, ನಿಮಗೆ ಸರಿ ಕಂಡ ಹಾಗೆ ಮಾಡಿ. ಇಲ್ಲಿಯದು ಹೇಗೋ ನಡೆಯುತ್ತದೆ.

ಕಾಗದವನ್ನು ನಿಮ್ಮ ಕಂಪನಿಯ ಹನುಮಯ್ಯನವರ ಕೈಯಲ್ಲಿ ಕಳಿಸುತ್ತಿದ್ದೇನೆ, ರಜೆ ಮುಗಿಸಿ ಅವರು ಇವತ್ತು ಬೊಂಬಾಯಿಗೆ ಹೊರಡುತ್ತಾರೆ. ಜೊತೆಗೆ ಚಟ್ನಿಪುಡಿ, ಬೆನ್ನಿಗೆ ಎಣ್ಣೆ ಇದೆ. ಮಾವನವರ ಆಶೀರ್ವಾದ, ನೀಲಾಳ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ ನಿಮ್ಮ,
ಜಯದೇವಿ

ಮರೆತದ್ದು: ಹನುಮಯ್ಯನವರು ಬಂದು ಕೂತಿದ್ದಾರೆ, ಕಾಫಿ ಕುಡಿದು ಮುಗಿಸುವುದರೊಳಗೆ ಇಷ್ಟು ಬರೆಯಬೇಕು. ಕ್ಯಾಸೆಟ್ಟಿನ ವಿಷಯ ನಾನು ಮೇಲೆ ಬರೆದದ್ದು ಸುಳ್ಳು. ನಾನು ತಪ್ಪಿ ಕೊಡಲಿಲ್ಲ. ಮಾವನವರೇ ದಿಂಬಿನ ಕೆಳಗಿಂದ ತೆಗೆದು ಕೊಟ್ಟರು. ಅಂಜಿನಯ್ಯ ಹಾಕಿ ನೋಡಿ, "ಯಜಮಾನ್ರೇ, ಇದ್ರಲ್ಲಿ ಯಾರೋ ಮಾತಾಡ್ತಾವ್ರೆ, ಅಳಿಸ್ಬಿಡ್ಲಾ?" ಎಂದು ಎರಡು ಸಲ ಕೇಳಿದ. "ಅಳಿಸು. ಕೇಳಿ ಕೇಳಿ ಸಾಕಾಗೇತಿ. ಇನ್ನೇನಿದ್ರೂ ಅವನೇ ಬಂದು ಹೇಳ್ಲಿ," ಎಂದರು ನಿಮ್ಮ ತಂದೆ, ತೊದಲದೆ. ನಾನು ಬಾಗಿಲಲ್ಲೇ ನಿಂತಿದ್ದೆ, ಬೇಡ ಅನ್ನಲಿಲ್ಲ. ನನಗೂ ಸಾಕಾಗಿದೆ. ಮನೆ ಒಂದೇ ರೂಮಿನದಾದರೂ ಆಗಲಿ, ಸಹಿ ಹಾಕಬೇಡಿ, ಬನ್ನಿ. ಹಾಕಿಯೇ ಆಗಿದ್ದರೆ ಮಾತಾಡಿದ ಕ್ಯಾಸೆಟ್ ಕಳಿಸಬೇಡಿ, ಖಾಲಿಯದನ್ನೇ ಕಳಿಸಿ. ಅಂಜಿನಯ್ಯನ ಹತ್ತಿರ ಇನ್ನೂ ನಾಲ್ಕು ಆಟ ಇವೆಯಂತೆ.