ಶೇಂಗಾ ಹೋಳಿಗೆಯ ಅಳತೆ

೧೪ ನವೆಂಬರ್ ೨೦೨೫, ಶುಕ್ರವಾರ. ಬಸವೇಶ್ವರನಗರ.

ಜಗದಾಂಬಾ, ನಿನ್ನ ಮಂಡಿನೋವು ಹೇಗಿದೆ? ನಿನ್ನ ಮಗ ಗಿರಿರಾಜನ ಕೆಮ್ಮು ನಿಂತಿತೇ? ನಾಳೆ ಕಳಿಸುವ ಕಾಗದವನ್ನು ಮೊದಲು ಈ ಡೈರಿಯಲ್ಲೇ ಬರೆದುಕೊಳ್ಳುತ್ತಿದ್ದೇನೆ.

ನಿನ್ನಕ್ಕ ಇಂದು ಹುರಿದ ಶೇಂಗಾ ಮುಂದಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟಳು. ಬೆಲ್ಲ ಎಷ್ಟೆಂಬುದೇ ಮರೆತುಹೋಗಿತ್ತು.

"ಅವ್ವ ಕಲಿಸಿದ್ದನ್ನೇ ಮರೆಸೋ ಮಾತ್ರೆ ನಂಗ್ಯಾಕ್ರೀ? ಇವತ್ತಿಂದ ನುಂಗಲ್ಲ."

ಎದೆಯ ಕ್ಯಾನ್ಸರ್ ಗಂಟು ಮರಳದಿರಲೆಂದು ಕೊಟ್ಟ ಮಾತ್ರೆ ಅದು. ಗಂಟನ್ನು ಬೆಳೆಸುವ ಹಾರ್ಮೋನಿನ ವೇಷ ಹಾಕಿ ಅದರ ಜಾಗದಲ್ಲಿ ಕೂರುತ್ತದೆ. ನೆನಪಿಗೆ ಬೇಕಾದ ಮಿದುಳಿನ ಕೋಶಗಳು ಚಿಗುರುವುದಕ್ಕೂ ಅಡ್ಡಿಯಾಗಬಹುದು, ಇನ್ನೂ ಖಚಿತವಿಲ್ಲ ಎಂದು ಓದಿದೆ. ನಿಲ್ಲಿಸಬೇಡಿ ಎಂದಿದ್ದಾರೆ ಡಾಕ್ಟರು.

"ಅಳತೆ ನಿನ್ ತಂಗಿ ಹತ್ರ ಸಿಗುತ್ತೆ ಕಣೇ. ನೀನು ಯಾರ ಹತ್ರ ಸಿಗ್ತೀಯ?" ಎಂದೆ.

"ಓಹೋ, ಮುದುಕಪ್ಪಂಗೆ ಮಾತು ಬಂತು," ಎಂದು ನಕ್ಕು ನುಂಗಿದಳು.

ಒಂದು ಸೇರು ಶೇಂಗಾಕ್ಕೆ ಬೆಲ್ಲ ಎಷ್ಟು? ನಿನ್ನ ಕೈಬರಹದಲ್ಲೇ ಬೇಗ ಬರೆ ತಾಯಿ. ಮಾತ್ರೆಯ ಡಬ್ಬಿಗೆ ಅಂಟಿಸುತ್ತೇನೆ.